ಬಾಣಂತಿಯ ಕುತ್ತಿಗೆ, ಬೀಗರ ದಿಂಬು

ಎರಡು ವರ್ಷದ ಹಿಂದಿನ ಮಾತು. ಮುನವಳ್ಳಿಯಲ್ಲಿ ಬಾಣಂತಿಯರಿಗೆ ಎಣ್ಣೆ ಹಚ್ಚಿ ಎರೆಯುವುದು ನನ್ನ ಕೆಲಸ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಕೆಲಸ ಕಲಿತದ್ದು ನನ್ನ ಅತ್ತೆಯ ಕೈ ನೋಡಿ.

ಶಾಂತವ್ವನ ಸೊಸೆ ಗೀತಾಳಿಗೆ ಎರಡನೇ ಹೆರಿಗೆಯಾಗಿ ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಹೋದರೆ ಅವಳಿಗೆ ಕುತ್ತಿಗೆ ಹೊರಳುತ್ತಿಲ್ಲ. ಯಾರು ಕರೆದರೂ ಇಡೀ ಮೈ ತಿರುಗಿಸುತ್ತಾಳೆ. ನೋವು ತಾಳದೆ ಕೂಸನ್ನು ಅರ್ಧಕ್ಕೇ ಎದೆಯಿಂದ ಬಿಡಿಸುತ್ತಿದ್ದಳು. ಹೊಟ್ಟೆ ತುಂಬದೆ ಅದು ಚೀರುತ್ತಿತ್ತು. ಶಾಂತವ್ವ ಆಗಲೇ ಕೂಸಿಗೆ ಹಾಲಿನ ಬಾಟಲಿ ತರಿಸಿಟ್ಟಿದ್ದಳು.

“ಥಂಡಿ ಗಾಳಿ ಹೊಕ್ಕೈತಿ ನೀಲವ್ವಾ. ಒಂದ ಸಲ ಲಟಕ್ ಅನಿಸಿಬಿಡು.”

“ಕುತ್ತಿಗಿ ತಿರುವಾಕಿ ನಾ ಅಲ್ಲ. ಏನರ ಆದ್ರ ನಿನ್ನ ಮಗಾ ಬಂದ ನನ್ನ ಕುತ್ತಿಗಿ ತಿರುವತಾನ. ದವಾಖಾನಿಗೆ ನಡೀರಿ.”

ಸವದತ್ತಿಯ ಡಾಕ್ಟರು ಗೀತಾಳ ಕೈಯ ಬಲ ನೋಡಿದರು. ಬೆರಳು ಜುಮ್ಮೆನ್ನುತ್ತವೆಯೇ, ಜ್ವರ ಬಂದಿತ್ತೇ ಎಂದು ಕೇಳಿದರು. ನರಕ್ಕೇನೂ ಆಗಿಲ್ಲವೆಂದರು. ಕುತ್ತಿಗೆಯ ಹಿಂದೆ ಎಲುಬಿಗೆ ಎಲುಬು ಕೂಡುವಲ್ಲಿ ಸಣ್ಣ ಕೀಲುಗಳಿವೆ, ಅವಕ್ಕೆ ಫೆಸೆಟ್ ಜಾಯಿಂಟ್ ಎನ್ನುತ್ತಾರಂತೆ. ನನಗೆ ತಿಳಿಯದ್ದಕ್ಕೆ ಬಾಗಿಲು ತಿರುಗುವ ಬಿಜಾಗರಿ ತೋರಿಸಿದರು. ದಿನವಿಡೀ ತಲೆ ಬಗ್ಗಿಸಿ ಹಾಲೂಡಿಸಿ ಆ ಬಿಜಾಗರಿ ನೊಂದಿದೆ, ಸುತ್ತಲಿನ ಸ್ನಾಯು ಬಿಗಿದಿದೆ. ಬಿಸಿ ಶಾಖ ಕೊಡಬೇಕು, ನೋವು ತಾಳುವಷ್ಟೇ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಬೇಕು. ಹಾಲೂಡಿಸುವ ತಾಯಿಗೆ ನಡೆಯುವ ಗುಳಿಗೆಯನ್ನೇ ಬರೆದರು.

“ಮಡಲಾಗ ದಿಂಬ ಇಡ್ರಿ. ಕೂಸ ಎದಿಮಟಾ ಮ್ಯಾಲ ಬರಬೇಕು, ತಾಯಿ ಕೆಳಗ ಬಗ್ಗಬಾರದು,” ಎಂದು ಶಾಂತವ್ವನಿಗೇ ಹೇಳಿದರು.

ವಾರ ಕಳೆಯಿತು. ಶಾಖ ನಾನೇ ಕೊಡುತ್ತಿದ್ದೆ. ಬೆಳಿಗ್ಗೆ ಸಡಿಲಾದದ್ದು ಮರುದಿನ ಹೋಗುವುದರೊಳಗೆ ಮತ್ತೆ ಬಿಗಿದಿರುತ್ತಿತ್ತು. ನನಗೆ ನನ್ನ ಕೈಯ ಮೇಲೇ ಸಿಟ್ಟು ಬಂತು. ಒಂದು ದಿನ ಎರೆದ ಮೇಲೆ ಮನೆಗೆ ಹೋಗದೆ ಅಲ್ಲೇ ಕುಳಿತೆ. ಗೀತಾ ಚಾಪೆಯ ಮೇಲೆ ಕುಳಿತು, ಕೂಸನ್ನು ತೊಡೆಗೆ ಹಾಕಿಕೊಂಡು, ಮೊದಲಿನ ಹಾಗೇ ಬಗ್ಗಿದಳು.

“ದಿಂಬ ಎಲ್ಲೆವ?”

ಗೀತಾ ಕಪಾಟಿನ ಕಡೆ ಕಣ್ಣು ಹೊರಳಿಸಿದಳು. ಉತ್ತರ ಕೊಟ್ಟವಳು ಶಾಂತವ್ವ.

“ಅವು ಬೀಗರಿಗಂತ ಇಟ್ಟದ್ದು. ನೀ ಹಚ್ಚೂ ಎಣ್ಣಿ ಹತ್ತಿದ್ರ ಕಲೆ ತೊಳದ್ರೂ ಹೋಗತೈತೇನ? ನಾವೇನ ದಿಂಬ ಇಟಗೊಂಡ ಹಾಲ ಕೊಟ್ಟೇವಿ?”

ನನ್ನ ಎಣ್ಣೆಯದೇ ನೆಪ! ನನ್ನ ತಲೆ ಕೆಟ್ಟಿತು. ಒಂದು ಕೌದಿ ಮಡಚಿ ಶಾಂತವ್ವನ ತೊಡೆಯ ಮೇಲೆ ಒಗೆದೆ.

“ಹಂಗಾರ ನೀನೂ ಕುಂದರು. ಈಕಿ ಹಾಲ ಕೊಡೂಮಟಾ ತಲಿ ಎತ್ತದ ಅದನ್ನ ಕೂಸ ಅಂತ ನೋಡು.”

ಹಠಕ್ಕೆ ಬಿದ್ದು ಕುಳಿತಳು. ಸ್ವಲ್ಪ ಹೊತ್ತಿಗೆ ಕೈ ಹಿಂದಕ್ಕೆ ಹೋಗಿ ಕತ್ತು ತಿಕ್ಕತೊಡಗಿತು.

“ಸಾಕ ಬಿಡ ಮಾರಾಯ್ತಿ, ಕುತ್ತಿಗಿ ಹಿಡೀತು.”

“ಕೂಸ ಈಗರ ಇನ್ನೊಂದ ಮಗ್ಗಲಕ್ಕ ಹೊಳ್ಳೇತಿ. ಕುಂದರು.”

ಗೀತಾ ನಕ್ಕಳು, ನಕ್ಕದ್ದಕ್ಕೆ ನೋವಾಗಿ ‘ಅವ್ವಾ’ ಎಂದಳು. ಶಾಂತವ್ವ ತಪ್ಪಾಯಿತು ಎನ್ನಲಿಲ್ಲ. ಎದ್ದು ಕಪಾಟು ತೆಗೆದು, ಎರಡು ದಿಂಬಿಗೆ ಹಳೇ ಸೀರೆ ಸುತ್ತಿ ತಂದು ಸೊಸೆಯ ಮುಂದಿಟ್ಟಳು. ಮುಂದಿನ ಕೆಲ ವಾರಗಳಲ್ಲಿ ಗೀತಾಳ ಕುತ್ತಿಗೆ ನಿಧಾನಕ್ಕೆ ಸಡಿಲಾಯಿತು. ಬಾಟಲಿ ಗೋಡೆಯ ಮಾಡದಲ್ಲೇ ಉಳಿಯಿತು.

ಅಂದಿನಿಂದ ಬಾಣಂತಿ ಕುತ್ತಿಗೆ ನೋವು ಎಂದರೆ ನಾನು ಮೊದಲು ಕುತ್ತಿಗೆ ಮುಟ್ಟುವುದಿಲ್ಲ. ಹಾಲು ಕೊಡುವುದನ್ನು ಕುಳಿತು ನೋಡುತ್ತೇನೆ, ದಿಂಬು ಕೇಳುತ್ತೇನೆ, ಡಾಕ್ಟರ ಕಡೆ ಕಳಿಸುತ್ತೇನೆ. ಆದರೂ ಶಾಂತವ್ವನ ಮೇಲಿನ ಆ ಸಿಟ್ಟು ಇಳಿದಿಲ್ಲ. ಹಳೇ ಸೀರೆ ಸುತ್ತಿದರೆ ದಿಂಬಿಗೆ ಎಣ್ಣೆ ಹತ್ತುವುದಿಲ್ಲ ಎಂಬುದು ಅವಳಿಗೆ ಮೊದಲ ದಿನವೂ ಗೊತ್ತಿತ್ತು.