ವಿಮಾನಕ್ಕೆ ದೀಪ ಕಟ್ಟಿದ ಸಿಮ್ರಾನ

ಹಗರಿಬೊಮ್ಮನಹಳ್ಳಿಯ ಅರ್ಧ ಜನ ದಾದಾಪೀರನ ದೀಪದ ಕೆಳಗೇ ಮದುವೆಯಾದವರು. ನಾನೂ ಅವರಲ್ಲೊಬ್ಬ. ಅವನದು ಶಾಮಿಯಾನ, ಸೀರಿಯಲ್ ಸೆಟ್ಟಿನ ಅಂಗಡಿ, ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ಅವನಿಗೊಂದು ಹಟ ಉಂಟು. ಎಷ್ಟೇ ದೊಡ್ಡ ಮದುವೆಯಿರಲಿ, ಮೊದಲ ಸ್ವಿಚ್ ತಾನು ಹಾಕುವುದಿಲ್ಲ. "ಕಟ್ಟಿದವ ಹಾಕಬಾರ್ದು ಗುರುಬಸಣ್ಣ, ಮನಿ ಹಿರೇರು ಹಾಕ್ಬೇಕು" ಅನ್ನುತ್ತಾನೆ. ನನ್ನ ಮದುವೆಯಲ್ಲಿ ನಮ್ಮವ್ವ ಹಾಕಿದಳು. ಅವನು ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು ಕಂಬದ ಹತ್ತಿರ ನಿಂತಿದ್ದ.

ಆ ದಾದಾಪೀರನ ಮಗಳು ಸಿಮ್ರಾನ ವಿಮಾನಕ್ಕೆ ದೀಪ ಕಟ್ಟುತ್ತಾಳೆ. ಹೀಗೆಂದರೆ ನಗುವವರಿದ್ದಾರೆ. ನಕ್ಕವರ ಜೊತೆ ನಾನು ಜಗಳ ತೆಗೆದದ್ದೂ ಇದೆ, ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ನಿಜವಾದ ವಿಮಾನವಲ್ಲ, ಕಂಪ್ಯೂಟರಿನ ಮುಂದೆ ಕೂತು ಹಾರಿಸುವಂಥದ್ದು. ಸಿಮ್ಯುಲೇಟರ್ ಅನ್ನುತ್ತಾರೆ. ದೇಶದೇಶದ ಹವ್ಯಾಸಿಗಳು ಸೇರಿ ಅಂಥ ವಿಮಾನ ಮಾಡುತ್ತಾರೆ. ಒಬ್ಬ ರೆಕ್ಕೆ ಮಾಡಿದರೆ ಇನ್ನೊಬ್ಬ ಸದ್ದು ಕೂಡಿಸುತ್ತಾನೆ, ಆಮೇಲೆ ಎಲ್ಲರಿಗೂ ಪುಕ್ಕಟೆ ಹಂಚುತ್ತಾರೆ. ಡಿಗ್ರಿ ಮುಗಿಸಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತಿದ್ದ ಸಿಮ್ರಾನ, ನಾನು ಹಳೇ ಸಾಮಾನು ಹೊಂದಿಸಿ ಕೊಟ್ಟ ಕಂಪ್ಯೂಟರಿನಲ್ಲೇ ಈ ಕೆಲಸ ಕಲಿತಳು. ಕೊನೆಗೆ ಅಂಥದೊಂದು ತಂಡ ಹೊಸ ವಿಮಾನದ ದೀಪಗಳನ್ನೆಲ್ಲ ಅವಳಿಗೇ ವಹಿಸಿತು. ಸರಿಯಾಗಿ ಬಂದರೆ ವಿಮಾನದ ಜೊತೆ ಅವಳ ಹೆಸರು, ಊರಿನ ಹೆಸರು ಎರಡೂ ಹೋಗುತ್ತವೆ. ಅವಳಿಗೆ ಬೇಕಾಗಿದ್ದದ್ದು ಅದೇ.

ಕೆಲಸ ಏನೆಂದು ಅವಳು ನನಗೆ ತಿಳಿಸಿ ಹೇಳಿದ್ದಳು. ಕಂಪ್ಯೂಟರಿನ ಒಂದು ಚಿತ್ರದೊಳಗೆ ಕೆಂಪು, ಹಸಿರು, ನೀಲಿ ಎಂದು ಮೂರು ಚಾನೆಲ್, ಅಂದರೆ ಮೂರು ಪದರ, ಇರುತ್ತವೆ. ಒಂದೊಂದು ಚಾನೆಲ್ಲು ಒಂದೊಂದು ಸ್ವಿಚ್ಚಿನ ಲೈನು. ಕೆಂಪಿನಲ್ಲಿ ಕಿಟಕಿಗಳ ಬೆಳಕು, ಹಸಿರಿನಲ್ಲಿ ಬಾಲದ ಮೇಲೆ ಬೀಳುವ ಬೆಳಕು, ನೀಲಿಯಲ್ಲಿ ರೆಕ್ಕೆಯ ದೀಪ. ಎಲ್ಲಿ, ಎಷ್ಟು ಬೆಳಕು ಬೀಳಬೇಕು ಎನ್ನುವುದಷ್ಟೇ ಆ ಚಿತ್ರದ ಕೆಲಸ. ಬೆಳಕು ಹಳದಿಯೋ ಬಿಳಿಯೋ ಎಂಬುದನ್ನು ಬೇರೆ ಕಡೆ ಬರೆಯುತ್ತಾರೆ. ಚಿತ್ರ ನೋಡಿದರೆ ಮಕ್ಕಳು ಹೋಳಿಯಲ್ಲಿ ಬಣ್ಣ ಎರಚಿದಂತಿರುತ್ತದೆ, ವಿಮಾನಕ್ಕೆ ತೊಡಿಸಿ ಸ್ವಿಚ್ ಹಾಕಿದರೆ ಬೆಳಕು.

ಮಾಡಿ ಕಳಿಸಿದಳು. ತಂಡದ ಹಿರಿಯನ ಉತ್ತರ ಬಂತು: ಬಾಲದ ದೀಪ ಹಾಕಿದರೆ ಕಿಟಕಿಗಳೂ ಹೊತ್ತಿಕೊಳ್ಳುತ್ತಿವೆ, ಭಾನುವಾರದೊಳಗೆ ಸರಿಮಾಡಿ, ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇವೆ.

ಹುಡುಗಿಯ ಮುಖ ಸಣ್ಣಗಾಯಿತು. ಅದೇ ಹೊತ್ತಿಗೆ ಎದುರಿನ ಚಹಾದಂಗಡಿ ಪಕ್ಕೀರಪ್ಪ ಬಾಯಿ ಹಾಕಬೇಕೇ? "ಹಾರಲಾರದ ವಿಮಾನಕ್ಕ ದೀಪ ಯಾಕ ಬೇಕವಾ?" ಅಂದ. ನನಗೆ ಮೈಯೆಲ್ಲ ಉರಿಯಿತು. "ನಿನ್ನ ಚಾದಾಗ ಹಾಲ ಇರೂದಿಲ್ಲ, ಅದನ್ನ ಯಾರರ ಕೇಳ್ಯಾರೇನಲೇ?" ಎಂದು ಬಾಯಿ ಮುಚ್ಚಿಸಿದೆ. ಒಂದು ವಾರ ಅವನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಸಿಮ್ರಾನ ಚಿತ್ರವನ್ನು ತಿರುಗಾಮುರುಗಾ ನೋಡಿದಳು. ತಪ್ಪು ಕಾಣಿಸಲಿಲ್ಲ. ಶನಿವಾರ ಮಧ್ಯಾಹ್ನ ಅಂಗಡಿಯ ನೆಲದ ಮೇಲೆ ಸೀರಿಯಲ್ ಸೆಟ್ ಹರವಿ ಪರೀಕ್ಷೆ ಮಾಡುತ್ತಿದ್ದಳು. ಅಪ್ಪ ಕಲಿಸಿದ ಕ್ರಮ: ಉಳಿದ ಲೈನನ್ನೆಲ್ಲ ಕಿತ್ತು ಒಂದಕ್ಕೆ ಮಾತ್ರ ಕರೆಂಟ್ ಕೊಡುವುದು, ಹತ್ತಬಾರದ ಬಲ್ಬು ಹತ್ತಿದರೆ ಅಲ್ಲೇ ಒಂದು ಲೈನ್ ಇನ್ನೊಂದಕ್ಕೆ ಕೂಡಿದೆ ಅಂತ. ಇದೇ ಪರೀಕ್ಷೆಯನ್ನು ಚಿತ್ರಕ್ಕೂ ಮಾಡಬಹುದೆಂದು ಹೊಳೆದದ್ದೇ ತಡ, ಕೈಯಲ್ಲಿದ್ದ ವೈರು ಅಲ್ಲೇ ಬಿಟ್ಟು ನನ್ನ ಅಂಗಡಿಗೆ ಓಡಿ ಬಂದಳು. ಅವಳ ಕಂಪ್ಯೂಟರ್ ನನ್ನ ಅಂಗಡಿಯ ಮೂಲೆಯಲ್ಲೇ ಇತ್ತು. ಕೆಂಪು, ನೀಲಿ ಚಾನೆಲ್ ಎರಡನ್ನೂ ಪೂರ್ತಿ ಕಪ್ಪು ಮಾಡಿ ಹಸಿರನ್ನು ಮಾತ್ರ ಬಿಟ್ಟಳು. ಬಾಲವಷ್ಟೇ ಕಾಣಬೇಕಾದ ಕಡೆ ಸಾಲು ಕಿಟಕಿಗಳು ಕೂತಿದ್ದವು.

ತಲೆ ಮೇಲೆ ಕೈ ಹೊತ್ತು ನಗತೊಡಗಿದಳು. "ಅಬ್ಬಾನ ಬಣ್ಣದ ಬಲ್ಬು ನೋಡಿ ನೋಡಿ ಕಿಟಕಿಗೆ ಹಳದಿ ಬಳದ್ಬಿಟ್ಟೇನಿ ಕಾಕಾ! ಇದರಾಗ ಹಳದಿ ಅಂದ್ರ ಕೆಂಪು, ಹಸಿರು ಎರಡೂ ಕೂಡಿದ್ದು. ನಾನ ಲೈನ್ ಕೂಡಿಸೇನಿ!"

ಬಲ್ಬಿಗೇ ಬಣ್ಣ ಬಳಿಯುವ ಮನೆಯಲ್ಲಿ ಬೆಳೆದವಳು ಇನ್ನೇನು ಮಾಡಿಯಾಳು? ಕಿಟಕಿಗಳನ್ನೆಲ್ಲ ಅಳಿಸಿ ಕೆಂಪು ಚಾನೆಲ್ ಒಂದರಲ್ಲೇ ಮತ್ತೆ ಬರೆದಳು. ನಡುವೆ ಬೆಳಕು ದಟ್ಟ, ಅಂಚಿಗೆ ಹೋದಂತೆ ತೆಳುವು, ಚಪ್ಪರದ ಬಲ್ಬು ಗೋಡೆಯ ಮೇಲೆ ಬೀಳುತ್ತದಲ್ಲ, ಹಾಗೆ. ಒಂದೆರಡು ಕಿಟಕಿ ಮಬ್ಬಾಗಿಯೇ ಬಿಟ್ಟಳು. "ಎಲ್ಲಾ ಒಂದ ಸಮ ಉರದ್ರ ಒಳಗ ಮಂದಿ ಅದಾರ ಅನ್ನಿಸೂದಿಲ್ಲ" ಅಂದಳು. ಅವಳಾಗಲಿ ನಾನಾಗಲಿ ವಿಮಾನ ಹತ್ತಿದವರಲ್ಲ.

ಭಾನುವಾರ ಸಂಜೆ ಉತ್ತರ ಬಂತು. ಒಪ್ಪಿದ್ದರು. ವಿಮಾನ ಲೋಕಕ್ಕೆಲ್ಲ ಬಿಡುಗಡೆಯಾಗಿತ್ತು. ಅದನ್ನು ಮಾಡಿದವರ ಹೆಸರುಗಳ ನಡುವೆ 'ದೀಪಗಳು' ಎಂಬುದರ ಮುಂದೆ ಇಂಗ್ಲಿಷಿನಲ್ಲಿತ್ತು: ಸಿಮ್ರಾನ, ಹಗರಿಬೊಮ್ಮನಹಳ್ಳಿ. ಅದನ್ನು ನಾನು ದೊಡ್ಡದಾಗಿ ಪ್ರಿಂಟ್ ತೆಗೆದು, ಪಕ್ಕೀರಪ್ಪನಿಗೆ ಕಾಣುವ ಹಾಗೆ ಬಾಗಿಲಿಗೇ ಅಂಟಿಸಿದೆ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ದಾದಾಪೀರನನ್ನು ಕರೆದೆವು. ಪರದೆಯ ಮೇಲೆ ವಿಮಾನ ಕತ್ತಲಲ್ಲಿ ನಿಂತಿತ್ತು. ಸಿಮ್ರಾನ ಕುರ್ಚಿ ಬಿಟ್ಟು ಎದ್ದಳು. "ಅಬ್ಬಾ, ಮದಲನೇ ಸ್ವಿಚ್ ನೀವು ಹಾಕ್ರಿ."

ಅವನು ರೂಢಿಯಂತೆ ಹಿಂದಕ್ಕೆ ಸರಿದ.

"ಕಟ್ಟಿದಾಕಿ ನಾನು," ಅಂದಳು ಅವಳು. "ಮನಿ ಹಿರೇರು ನೀವಲ್ಲೇನು?"

ದಾದಾಪೀರ ನನ್ನ ಮುಖ ನೋಡಿದ. ಬೆರಳನ್ನು ಅಂಗಿಗೆ ಒರೆಸಿಕೊಂಡು ಅವಳು ತೋರಿಸಿದ ಗುಂಡಿ ಒತ್ತಿದ. ಕಿಟಕಿಗಳೆಲ್ಲ ಹೊತ್ತಿಕೊಂಡವು. ಅವನು ಬಗ್ಗಿ ಬಾಲವನ್ನು ನೋಡಿದ, ಅದು ಕತ್ತಲಲ್ಲೇ ಇತ್ತು. "ಲೈನ್ ಕೂಡಿಲ್ಲ" ಅಂದ. ದೀಪ ಆರಿಸಿ, ಕಣ್ಣೊರೆಸಿಕೊಂಡು, ಮಗಳನ್ನು ಕೇಳಿದ:

"ಇನ್ನೊಮ್ಮಿ ಹಾಕ್ಲೇನವಾ?"