ಬೀದಿಯಾಚೆಯಿಂದ ಕರೆದವಳು

ಗೌರಮ್ಮನನ್ನು ಕರೆದವಳು ನಾನು. ಪೊಲೀಸಿನವನ ಎದುರಿಗೆ, ಆಮೇಲೆ ವಕೀಲರ ಎದುರಿಗೆ, ಇಲ್ಲ ಎಂದವಳೂ ನಾನೇ. ಹದಿನೈದು ವರ್ಷವಾಗುತ್ತ ಬಂತು — ಈ ಮಾತನ್ನು ನುಂಗಿಕೊಂಡೇ ಉಂಡಿದ್ದೇನೆ, ನಿದ್ದೆಯನ್ನೂ ಮಾಡಿದ್ದೇನೆ.

ಗೌರಮ್ಮ ನಮಗೆ ದಿನವೂ ತಪ್ಪದೆ ವರ್ತನೆ ಮೊಸರು ಹಾಕುತ್ತಿದ್ದವಳು. ಗುಬ್ಬಿಯಿಂದ ಬೆಳಗಿನ ರೈಲಿಗೆ ತುಮಕೂರಿಗೆ ಬಂದು, ಮನೆಮನೆಗೆ ಅಳೆದುಕೊಟ್ಟು, ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದಳು. ನಮ್ಮ ಮನೆ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿತ್ತು. ಆ ವರ್ಷ ರಸ್ತೆಗೆ ಬಿಳಿ ಗೆರೆ ಎಳೆದು, ಜನ ಅಲ್ಲೇ ದಾಟಬೇಕೆಂದು ಪೊಲೀಸರು ಹಟ ಹಿಡಿದಿದ್ದರು. ಇಸ್ತ್ರಿ ಅಂಗಿಯವರು ಅಡ್ಡ ದಾಟಿದರೆ ಒಂದು ಸೀಟಿ. ತಲೆಯ ಮೇಲೆ ಹೊರೆಯಿದ್ದವರಾದರೆ ಠಾಣೆ.

ಅಂದು ಮಾವನವರ ತಿಥಿ. ನಾನು ಮಡಿಯಲ್ಲಿದ್ದೆ. ವಡೆಗೆ ರುಬ್ಬಿಟ್ಟು, ಬಾಳೆಕಾಯಿ ಹೆಚ್ಚಿಟ್ಟು, ಮೊಸರಿಗಾಗಿ ಜಗುಲಿಗೆ ಬಂದೆ. ಗೌರಮ್ಮ ಆಚೆ ಬದಿಯಲ್ಲಿ ಗೆರೆಯ ಕಡೆಗೆ ಹೊರಟಿದ್ದಳು — ಹೌದು, ಸರಿಯಾಗಿಯೇ ಹೊರಟಿದ್ದಳು. ಅಲ್ಲಿ ಬಸ್ಸಿಳಿದ ಜನ ಗಿಜಿಗುಟ್ಟುತ್ತಿದ್ದರು. ಯಾರಾದರೂ ಮೈಗೆ ತಾಗಿದರೆ ಬ್ರಾಹ್ಮಣರ ಎಲೆಗೆ ಆ ಮೊಸರು ಬಾರದು ಎಂದು ನಾನು ಕೂಗಿದೆ.

"ಆ ಕಡೆ ಬೇಡ ಕಣೇ, ಜನ ತಾಗ್ತಾರೆ! ಇಲ್ಲೇ ನೇರ ಬಂದ್ಬಿಡು!"

"ಪೊಲೀಸ್ನೋನು ಅವ್ನೆ ಅಮ್ಮಾರೇ!"

"ನಾನಿಲ್ವೇನೇ? ಬಾ!"

ಬಂದಳು. ಗಡಿಗೆಯನ್ನು ನಮ್ಮ ಮೆಟ್ಟಿಲ ಮೇಲೆ ಇಳಿಸುತ್ತಿದ್ದಂತೆ ಅವನು ಬಂದು ರಟ್ಟೆ ಹಿಡಿದ.

"ಕಣ್ಣೇನು ಗಡಿಗೇಲಿ ಮುಳುಗ್ಸಿ ಬಂದಿದ್ದೀಯಾ? ನಡಿ ಠಾಣೆಗೆ."

"ಅಮ್ಮಾರು ಕರುದ್ರು ಸಾಮಿ, ಬೇಕಾದ್ರೆ ಕೇಳಿ."

ಅವನು ನನ್ನ ಕಡೆ ತಿರುಗಿದ.

"ನಾನ್ಯಾಕೆ ಕರೀಲಿ? ಅವಳೇ ನುಗ್ಗಿ ಬಂದ್ಲು."

ಅತ್ತೆ ಹಿಂದೆ ನಿಂತಿದ್ದರು, ಹೆದರಿದೆ — ಎಂದು ಹೇಳಬಹುದಿತ್ತು. ನಿಂತಿರಲಿಲ್ಲ. ಪೊಲೀಸಿನವನೊಡನೆ ವಾದಕ್ಕೆ ನಿಂತರೆ ಅಡಿಗೆ ತಡವಾಗುತ್ತದೆ ಎನ್ನಿಸಿತು, ಅಷ್ಟೆ. ಗೌರಮ್ಮ ನನ್ನನ್ನು ನೋಡುತ್ತಲೇ ಹೋದಳು. ನಾನು ಗಡಿಗೆ ಎತ್ತಿಕೊಂಡು ಒಳಗೆ ಹೋದೆ. ಮೊಸರು ಗಟ್ಟಿಯಾಗಿದೆ ಎಂದು ಊಟಕ್ಕೆ ಕೂತವರು ಮತ್ತೆ ಬಡಿಸಿಕೊಂಡರು.

ಅವಳನ್ನು ಕತ್ತಲಾಗುವವರೆಗೂ ಠಾಣೆಯಲ್ಲೇ ಕೂರಿಸಿದರಂತೆ. ರೈಲು ತಪ್ಪಿ, ರಾತ್ರಿಯನ್ನು ರೈಲು ನಿಲ್ದಾಣದಲ್ಲಿ ಕಳೆದಳಂತೆ. ಮರುದಿನ ಗುಬ್ಬಿಗೆ ಹೋದರೆ ಅವಳ ಅತ್ತೆ ಬಾಗಿಲಲ್ಲೇ ತಡೆದಳಂತೆ — ಠಾಣೆಯಲ್ಲಿ ರಾತ್ರಿ ಕಳೆದವಳಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದು. ಗಂಡ ಸುಮ್ಮನಿದ್ದ. ಅದೇ ಬೀದಿಯ ಕೊನೆಯಲ್ಲಿದ್ದ ಅಣ್ಣನ ಮನೆ ಸೇರಿದಳು. ಕೆಲವು ದಿನ ಬಿಟ್ಟು ಗಡಿಗೆ ಹೊತ್ತು ಬಂದಾಗ ನಮ್ಮ ಸಾಲಿನವರು ವರ್ತನೆ ಬಿಡಿಸಿದರು. ಠಾಣೆಯಲ್ಲಿದ್ದವಳ ಮೊಸರು ಮಡಿಗೆ ಬಾರದಂತೆ. ಮೊದಲು ಬಿಡಿಸಿದವಳು — ಅದನ್ನೂ ಬರೆದುಬಿಡುತ್ತೇನೆ — ನಾನೇ.

ಹಿಂದಿನ ಮನೆಯ ವಕೀಲರಿಗೆ ಇದನ್ನು ಸಹಿಸಲಾಗಲಿಲ್ಲ. ಅಡ್ಡ ದಾಟಿದವರಿಗೆ ಪೊಲೀಸರು ಬುದ್ಧಿ ಹೇಳಿ ಕಳಿಸಲಿ, ಠಾಣೆಗೆ ಎಳೆಯುವುದು ಬೇಡ ಎಂದು ಮೇಲಿನವರಿಗೆ ಅರ್ಜಿ ಬರೆದರು. ನಮ್ಮ ಜಗುಲಿಗೆ ಬಂದು ಕೂತರು.

"ನೀವೇ ಕರೆದದ್ದು ಅಂತಾಳಮ್ಮ ಅವಳು. ಅದೊಂದು ಮಾತು ಹೇಳಿ, ಸಾಕು. ಅರ್ಜಿಗೂ ಬಲ, ಅವಳಿಗೂ ಮನೆ ಸಿಕ್ಕೀತು."

"ನಾನು ಒಳಗಿದ್ದೆ. ನೋಡ್ಲಿಲ್ಲ."

ಅವರು ಕಾಫಿ ಮುಟ್ಟದೆ ಎದ್ದುಹೋದರು. ಸಾಕ್ಷಿಯಿಲ್ಲದ ಅರ್ಜಿ ಎಲ್ಲೋ ಬಿದ್ದುಹೋಯಿತು. ಹೊರೆ ಹೊತ್ತವರ ರಟ್ಟೆ ಹಿಡಿಯುವುದು ಇವತ್ತಿಗೂ ನಿಂತಿಲ್ಲ. ನಮ್ಮ ಜಗುಲಿಯಿಂದ ಚೆನ್ನಾಗಿಯೇ ಕಾಣುತ್ತದೆ.

ಗೌರಮ್ಮ ಈಗಲೂ ಅಣ್ಣನ ಮನೆಯಲ್ಲೇ ಇದ್ದಾಳೆಂದು ಮೊನ್ನೆ ತಿಳಿಯಿತು. ನಾಳೆ ಗುಬ್ಬಿಗೆ ಹೊರಟಿದ್ದೇನೆ. ಕ್ಷಮಿಸು ಎಂದು ಕೇಳುವುದಕ್ಕಲ್ಲ, ಆ ಮುಖ ನನಗಿಲ್ಲ. ಅವಳ ಅತ್ತೆ ಬದುಕಿದ್ದರೆ ಆ ಅತ್ತೆಗೆ, ಗಂಡನಿಗೆ, ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಬಾಗಿಲು ತೆಗೆಯದಿದ್ದರೆ ಬೀದಿಯಲ್ಲೇ ನಿಂತು, ಗಟ್ಟಿಯಾಗಿ ಹೇಳುತ್ತೇನೆ. ಗೌರಮ್ಮನ ಹೆಸರು ಕೆಟ್ಟದ್ದೂ ಆ ಬೀದಿಯಲ್ಲೇ ತಾನೆ.