ಸ್ಪ್ರಿಂಗ್ ಸಡಿಲಿಸದ ಆರ್ಡಿತ್ ಸ್ನೈಡರ್

ಬೆಳಗಿನ ಆರು ಗಂಟೆ. ಒಹಾಯೊದ ಮಿಲ್‌ಫೋರ್ಕ್ ಊರಿನ ಹಾರ್ಡ್‌ವೇರ್ ಅಂಗಡಿಯ ಹಿಂಬದಿ ಕೋಣೆಯಲ್ಲಿ ಹೀಟರ್ ಇನ್ನೂ ಬಿಸಿಯಾಗಿಲ್ಲ. ಬಂದೂಕು ರಿಪೇರಿ ಮಾಡುವಾಕೆ ಆರ್ಡಿತ್ ಸ್ನೈಡರ್ ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟು, ರಿವಾಲ್ವರೊಂದನ್ನು ಕಿವಿಯ ಹತ್ತಿರ ಹಿಡಿದು, ಗುಂಡಿನ ಚಕ್ರವನ್ನು ಒಂದೊಂದೇ ಮನೆ ತಿರುಗಿಸುತ್ತಿದ್ದಾರೆ. ಆರು ಮನೆ, ಆರು ಸದ್ದು. ನಾಲ್ಕನೆಯ ಸದ್ದು ಅವರಿಗೆ ಹಿಡಿಸುವುದಿಲ್ಲ. ಮತ್ತೆ ಮೊದಲಿನಿಂದ ಶುರು.

ಬಾಗಿಲಲ್ಲಿ ಲೊವೆಲ್ ಪ್ರುಯಿಟ್ ನಿಂತಿದ್ದಾನೆ. ಹಾಲಿನ ಟ್ಯಾಂಕರ್ ಓಡಿಸುವವನು, ಇವತ್ತು ರಜಾ ಹಾಕಿ ಬಂದಿದ್ದಾನೆ. ಅವನಿಗೆ ಬೇಕಾದದ್ದು ಒಂದೇ ಒಂದು ರಿವಾಲ್ವರ್.

"ಭಾನುವಾರದ ಗುರಿ ಪಂದ್ಯಕ್ಕೂ ಆಗ್ಬೇಕು, ದಿನಾ ಸೊಂಟದಲ್ಲಿ ಇಟ್ಕೊಂಡು ಓಡಾಡೋಕೂ ಆಗ್ಬೇಕು" ಎನ್ನುತ್ತಾನೆ.

"ಪಂದ್ಯಕ್ಕೆ ಭಾರ ಇರ್ಬೇಕು, ನಳಿಗೆ ಉದ್ದ ಇರ್ಬೇಕು. ಸೊಂಟಕ್ಕೆ ಹಗುರ ಬೇಕು, ಗಿಡ್ಡ ಬೇಕು. ಎರಡೂ ಒಂದರಲ್ಲೇ ಅಂದ್ರೆ ಏನಾದ್ರೂ ಬಿಡ್ಬೇಕಾಗುತ್ತಪ್ಪ. ಏನು ಬಿಡ್ತೀಯ?"

"ನೀವೇ ಹೇಳಿ."

"ಗೆಲ್ಲೋದು ಬಿಡು."

ಲೊವೆಲ್ ನಗುತ್ತಾನೆ. ಆರ್ಡಿತ್ ನಗುವುದಿಲ್ಲ. ಮೂರಂಗುಲದ ನಳಿಗೆಯ, ಪೂರ್ತಿ ಉಕ್ಕಿನ ಒಂದನ್ನು ಅವನ ಕೈಗೆ ಕೊಡುತ್ತಾರೆ. ಅವನು ಖಾಲಿ ರಿವಾಲ್ವರಿನ ಟ್ರಿಗರ್ ಎಳೆದು ನೋಡಿ, ಬಿಗಿ ಎಂದು ಮುಖ ಕಿವಿಚುತ್ತಾನೆ. "ಸ್ವಲ್ಪ ಮೆದು ಮಾಡಿಕೊಡ್ತೀರಾ? ಪಕ್ಕದೂರಲ್ಲಿ ಮಾಡ್ತಾರಂತೆ."

"ಹಾಗಾದ್ರೆ ಪಕ್ಕದೂರಿಗೇ ಹೋಗು."

ಹೀಗೆ ಪಕ್ಕದೂರಿಗೆ ಹೋದವರು ಬಹಳ ಮಂದಿ. ಮೊದಲು ವಾರಕ್ಕೆ ಮೂವತ್ತು ಬಂದೂಕು ರಿಪೇರಿಗೆ ಬರುತ್ತಿದ್ದವು. ಈಗ ಹದಿನೆಂಟು ಬಂದರೆ ಹೆಚ್ಚು. ಜಿಂಕೆ ಬೇಟೆಯ ದಿನಗಳಲ್ಲಿ ಮಾತ್ರ ಇನ್ನೊಂದಷ್ಟು. ಆರ್ಡಿತ್‌ಗೆ ಅರವತ್ತೆರಡು. ಗುಂಡಿನ ಸೀಸ ರಕ್ತದಲ್ಲಿ ಎಷ್ಟು ಸೇರಿದೆ ಎಂದು ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿಸುತ್ತಾರೆ. ಕೆಲಸ ಬಿಡಿ ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಾರೆ. ಇವರು ಪ್ರತಿ ಸಲ ತಲೆಯಾಡಿಸಿ ಬರುತ್ತಾರೆ.

ನಾನು ಈ ಊರಿಗೆ ಬಂದ ಹೊಸತರಲ್ಲಿ ಈ ಕೋಣೆ ಅವರ ಗಂಡ ಹಾರ್ಲನ್‌ನ ಹೆಸರಿನಲ್ಲಿತ್ತು. ಹಾರ್ಲನ್ ಮುಟ್ಟಿದ ರಿವಾಲ್ವರ್ ಬೆಣ್ಣೆಯ ಹಾಗೆ ಓಡುತ್ತದೆ ಎಂದು ಮೂರು ಜಿಲ್ಲೆಯ ಜನ ಹೇಳುತ್ತಿದ್ದರು. ಅವನು ತೀರಿಕೊಂಡ ಮೇಲಷ್ಟೇ ನಿಜ ಹೊರಬಿತ್ತು. ಅವನಿಗೆ ಕೈನಡುಕದ ರೋಗ. ಕೊನೆಯ ಹನ್ನೊಂದು ವರ್ಷ ಅವನು ಒಂದು ಸ್ಕ್ರೂ ಕೂಡ ತಿರುಗಿಸಿರಲಿಲ್ಲ.

"ಅವನು ಮುಂದೆ ಕೂತು ಮಾತಾಡೋನು, ನಾನು ಹಿಂದೆ ಅರ ಉಜ್ತಿದ್ದೆ" ಎನ್ನುತ್ತಾರೆ ಆರ್ಡಿತ್. "ಜನ ಅವನ ಕೈ ಹೊಗಳೋರು. ಆ ಕೈಲಿ ಕಾಫಿ ಲೋಟ ನಿಲ್ತಿರಲಿಲ್ಲ. ನಾನೂ ಸುಮ್ಮನಿದ್ದೆ. ಅವನಿಗೆ ಉಳಿದಿದ್ದು ಅದೊಂದೇ ಮರ್ಯಾದೆ."

ಐದು ವರ್ಷದ ಹಿಂದೆ, ಇವರ ಹೆಸರಿಗೇ ಗಿರಾಕಿಗಳು ಬರಲು ಶುರುವಾಗಿದ್ದಾಗ, ರೊವೆನಾ ಸ್ಟ್ರೌಡ್ ಬಂದರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ನರ್ಸ್, ಆಗ ಮೂವತ್ತಾರರ ಹೆಂಗಸು. ಭಾನುವಾರದ ಗುರಿ ಪಂದ್ಯವೆಂದರೆ ಪ್ರಾಣ. ಬಿಟ್ಟ ಗಂಡ ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿದ್ದರೂ ಅವನು ಮೂರು ಸಲ ರೊವೆನಾ ಮನೆಯ ಗೇಟಿನ ಹತ್ತಿರ ನಿಂತು ಹೋಗಿದ್ದ. ರೊವೆನಾ ಕೇಳಿದ್ದೂ ಲೊವೆಲ್ ಕೇಳಿದ್ದನ್ನೇ: ಎರಡಕ್ಕೂ ಒಂದೇ. ಆರ್ಡಿತ್ ಒಳ್ಳೆಯದನ್ನೇ ಆರಿಸಿಕೊಟ್ಟರು. ಟ್ರಿಗರ್ ಮೆದು ಮಾಡಿ ಎಂದಾಗ ಒಳಗಿನ ಸ್ಪ್ರಿಂಗನ್ನು ಸಡಿಲಿಸಿಯೂ ಕೊಟ್ಟರು.

ಸ್ಪ್ರಿಂಗ್ ಸಡಿಲವಾದರೆ ಬೆರಳಿಗೆ ಹಗುರ, ಗುರಿ ಅಲುಗುವುದಿಲ್ಲ. ಆದರೆ ಗುಂಡಿನ ತಳದಲ್ಲಿ, ಪೆಟ್ಟು ಬಿದ್ದಾಗ ಸಿಡಿಯುವ ಕೇಪಿಗೆ ಬೀಳುವ ಪೆಟ್ಟೂ ಹಗುರವಾಗುತ್ತದೆ. ರೊವೆನಾ ತಂದಿದ್ದ ಪಂದ್ಯದ ಗುಂಡುಗಳ ಕೇಪು ಮೆದು. ಮೂವತ್ತು ಹಾರಿಸಿ ನೋಡಿದರು, ಮೂವತ್ತೂ ಸಿಡಿದವು. ಆತ್ಮರಕ್ಷಣೆಗೆ ಅವರು ತುಂಬಿಕೊಳ್ಳುತ್ತಿದ್ದದ್ದು ಬೇರೆ ಗುಂಡು, ಗಟ್ಟಿ ಕೇಪಿನದು.

"ಚೀಲದಲ್ಲಿ ಯಾವ ಗುಂಡು ಇಟ್ಕೋತೀಯಮ್ಮಾ ಅಂತ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ" ಎನ್ನುತ್ತಾರೆ ಆರ್ಡಿತ್.

ಆ ಮಾರ್ಚ್‌ನ ಒಂದು ಸಂಜೆ ರೊವೆನಾ ದಿನಸಿ ಇಳಿಸುತ್ತಿದ್ದಾಗ ಆ ಬಿಟ್ಟ ಗಂಡ ಬಂದೂಕು ಹಿಡಿದು ಮೆಟ್ಟಿಲ ಬಳಿ ಬಂದ. ರೊವೆನಾ ಅವನಿಗಿಂತ ಮೊದಲು ಗುರಿ ಹಿಡಿದು ಟ್ರಿಗರ್ ಎಳೆದರು. ಟಕ್ ಎಂದಿತು, ಸಿಡಿಯಲಿಲ್ಲ. ಎರಡನೆಯದೂ ಟಕ್. ಅಷ್ಟರಲ್ಲಿ ಅವನ ಗುಂಡು ಇವರ ಬಲ ಮೊಣಕೈಯನ್ನು ಪುಡಿ ಮಾಡಿತ್ತು. ಎರಡೂ ಕೈಯಲ್ಲಿ ಹಿಡಿದಿದ್ದ ರಿವಾಲ್ವರನ್ನು ಎಡಗೈ ಬಿಡಲಿಲ್ಲ. ಆ ಕೈಯಲ್ಲೇ ಎಳೆದ ಮೂರನೆಯದು ಸಿಡಿದು ಅವನ ತೊಡೆಗೆ ಹೊಕ್ಕಿತು. ಅವನು ಬಿದ್ದ. ಪೊಲೀಸರು ಬರುವ ತನಕ ಇಬ್ಬರೂ ಹತ್ತು ಅಡಿ ದೂರದಲ್ಲಿ ಬಿದ್ದುಕೊಂಡಿದ್ದರು.

ವಾರದ ನಂತರ ಪೊಲೀಸನೊಬ್ಬ ಆ ರಿವಾಲ್ವರನ್ನೂ ಸಿಡಿಯದ ಎರಡು ಗುಂಡುಗಳನ್ನೂ ಪರೀಕ್ಷೆಗೆಂದು ಆರ್ಡಿತ್ ಬಳಿಗೇ ತಂದ. ಕೇಪಿನ ಮೇಲೆ ಉಗುರಿನಲ್ಲಿ ಒತ್ತಿದಷ್ಟೇ ಗುರುತು. ಪರಿಚಯದ ಹುಡುಗ, ಒಳ್ಳೆಯವನು. "ಗುಂಡೇ ಕೆಟ್ಟಿತ್ತು ಅಂತ ಬರ್ಕೊಳ್ಲಾ?" ಎಂದು ಕೇಳಿದ.

"ಗುಂಡು ಚೆನ್ನಾಗಿದೆ" ಎಂದರು ಆರ್ಡಿತ್. "ಸ್ಪ್ರಿಂಗ್ ನಾನು ಸಡಿಲ ಮಾಡಿದ್ದು. ಹಾಗೇ ಬರ್ಕೋ."

ಕಾನೂನು ಅವರನ್ನು ಏನೂ ಮಾಡಲಿಲ್ಲ. ಆರ್ಡಿತ್ ತಾವೇ ಆಸ್ಪತ್ರೆಗೆ ಹೋಗಿ ರೊವೆನಾಗೆ ವಿಷಯ ಹೇಳಿದರು. ರೊವೆನಾ ಪೂರ್ತಿ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿ, "ಹೋಗಿ" ಎಂದರು. ಅಷ್ಟೇ. ಮಾರನೆಯ ದಿನ ಕೋಣೆಗೆ ಬೀಗ ಬಿತ್ತು. ಒಂದು ವರ್ಷ ಆರ್ಡಿತ್ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದರು.

ಮರು ವಸಂತದಲ್ಲಿ ಅವರ ಮನೆಯ ಬಾಗಿಲು ತಟ್ಟಿದವರು ರೊವೆನಾ. ಬಲಗೈ ಮಡಚಲು ಬರುತ್ತಿರಲಿಲ್ಲ. ರೋಗಿಗಳನ್ನು ಎತ್ತಲಾಗದೆ ಆಸ್ಪತ್ರೆಯಲ್ಲಿ ಫೋನ್ ತೆಗೆಯುವ ಕೆಲಸಕ್ಕೆ ಸೇರಿದ್ದರು. ಎಡಗೈಯಲ್ಲಿ ಕೋರ್ಟಿನಿಂದ ಬಿಡಿಸಿಕೊಂಡು ಬಂದ ರಿವಾಲ್ವರಿನ ಪೆಟ್ಟಿಗೆ.

"ಇದನ್ನ ಎಡಗೈಗೆ ಹೊಂದಿಸಿಕೊಡಿ."

"ನಾನು ಆ ಕೆಲ್ಸ ಬಿಟ್ಟೆ ಕಣಮ್ಮಾ. ಬೇರೆಯವರ ಹತ್ರ ಹೋಗು."

"ನನಗೆ ಕೋಪ ಇಲ್ಲ ಅಂದ್ಕೋಬೇಡಿ. ಇದೆ. ಬೆಳಿಗ್ಗೆ ಕೋಟು ಹಾಕ್ಕೊಳ್ಳೋವಾಗೆಲ್ಲ ನಿಮ್ಮನ್ನ ಬೈಕೋತೀನಿ. ಆದ್ರೆ ಇದರಲ್ಲಿ ಎಲ್ಲಿ ತಪ್ಪಾಯ್ತು ಅಂತ ಗೊತ್ತಿರೋದು ನಿಮಗೊಬ್ಬರಿಗೇ. ಅವನು ಒಂದಲ್ಲ ಒಂದು ದಿನ ಜೈಲಿಂದ ಹೊರಗೆ ಬರ್ತಾನೆ."

ಬಿಗಿ ಸ್ಪ್ರಿಂಗ್ ಹಾಕಿ, ಹಿಡಿಯನ್ನು ಎಡಗೈಗೆ ತಕ್ಕಂತೆ ಕೆತ್ತಲು ಆರ್ಡಿತ್‌ಗೆ ಒಂಬತ್ತು ದಿನ ಹಿಡಿಯಿತು. ಕೋಣೆಯ ಬೀಗ ತೆರೆದದ್ದು ಆ ಕೆಲಸಕ್ಕೆ. ಅಂದಿನಿಂದ ಒಂದೇ ಕಟ್ಟಳೆ: ರಕ್ಷಣೆಗೆಂದು ತುಂಬಿಕೊಳ್ಳುವ ಗುಂಡನ್ನೇ ತರಬೇಕು, ಐವತ್ತು ಸುತ್ತು ಇವರ ಎದುರೇ ಹಾರಿಸಬೇಕು. ಒಂದು ಸಿಡಿಯದಿದ್ದರೂ ರಿವಾಲ್ವರ್ ಬಾಗಿಲು ದಾಟುವುದಿಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದು ಗುರಿ ಪಂದ್ಯದ ಕ್ಲಬ್ಬಿನಲ್ಲಿ ಆಡಿಕೊಳ್ಳುವವರಿದ್ದಾರೆ. ಯಾಕೆ ಹೀಗೆಂದು ಇವರು ಯಾರಿಗೂ ವಿವರಿಸಲು ಹೋಗಿಲ್ಲ. ನಾನು ಇದನ್ನು ಬರೆಯಲು ಆರ್ಡಿತ್ ಒಪ್ಪಿದ್ದೂ ರೊವೆನಾ ಹೂಂ ಎಂದ ಮೇಲೆಯೇ.

ಮುಂದಿನ ವರ್ಷ ಆ ಬಿಟ್ಟ ಗಂಡನ ಬಿಡುಗಡೆ. ರೊವೆನಾ ಈಗಲೂ ಪ್ರತಿ ಭಾನುವಾರ ಪಂದ್ಯಕ್ಕೆ ಬರುತ್ತಾರೆ. ಪಂದ್ಯದ ಮೆದು ಗುಂಡು ತರುವುದಿಲ್ಲ, ಚೀಲದಲ್ಲಿ ಇಟ್ಟುಕೊಳ್ಳುವುದನ್ನೇ ಹಾರಿಸುತ್ತಾರೆ. ಆರ್ಡಿತ್ ದೂರದ ಬೇಲಿಯ ಹತ್ತಿರ ನಿಂತಿರುತ್ತಾರೆ. ಇಬ್ಬರೂ ಮಾತಾಡಿದ್ದನ್ನು ನಾನು ಕಂಡಿಲ್ಲ.

ಕಳೆದ ಭಾನುವಾರ ರೊವೆನಾ ಕೊನೆಯಿಂದ ಎರಡನೆಯವರಾದರು. ವಾಪಸು ಬರುವಾಗ ಕಾರಿನಲ್ಲಿ ಆರ್ಡಿತ್‌ರನ್ನು ಕೇಳಿದೆ: "ಹೇಗೆ ಹೊಡೆದ್ರು?"

"ಅರವತ್ತು ಹಾರಿಸಿದಳು. ಅರವತ್ತೂ ಸಿಡಿದವು" ಎಂದರು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಮಾತು ಸೇರಿಸಿದರು. "ಎಲ್ಲಿ ತಗುಲಿದವು ಅಂತ ನಾನು ನೋಡ್ಲಿಲ್ಲ."